ಜಿಗಣೆಯ ಪಾರಣೆ

ಎಲ್ಲದಕ್ಕೂ ಮೂಲ ದಿನಸಿ ಅಂಗಡಿಯವನು ಕೊಟ್ಟ ಕ್ಯಾಲೆಂಡರ್. ಬೆಳಿಗ್ಗೆ ಎದ್ದು ಕಾಫಿಗೆ ಹಾಲಿಟ್ಟ ಸತ್ಯಾತ್ಮ ನಿನ್ನೆಯ ಹಾಳೆ ಹರಿದ. ಕೆಳಗಿನ ಹಾಳೆಯಲ್ಲಿ ತಮಿಳಿನಲ್ಲಿ 'ಏಕಾದಶಿ' ಎಂದಿತ್ತು. ಅವನು ನಿಟ್ಟುಸಿರು ಬಿಟ್ಟು ಒಲೆ ಆರಿಸಿದ.

ಜನ್ಮದಲ್ಲಿ ಉಪವಾಸ ಮಾಡದವನು ಈ ಸಲ ಹರಕೆ ಹೊತ್ತಿದ್ದ. ಮದ್ರಾಸಿನ ವೇಲಚೇರಿಯಲ್ಲಿದ್ದ ಅವನ ಕಂಪನಿ, ಇಂಟರ್ನೆಟ್ಟಿನಲ್ಲಿ ಊರೂರಿನವರು ಕೂಡಿ ಆಡುವ ಬಾಹ್ಯಾಕಾಶ ಯುದ್ಧದ ಆಟವೊಂದನ್ನು ನಡೆಸುತ್ತಿತ್ತು. ಅದರಲ್ಲಿ 'ಲೀಚ್' ಎಂಬ ಆಯುಧ ಸತ್ಯಾತ್ಮನ ಸ್ವಂತ ಕೂಸು. ಜಿಗಣೆಯಂತೆ ಶತ್ರುನೌಕೆಗೆ ಅಂಟಿಕೊಂಡು ಅದರ ಶಕ್ತಿ ಹೀರುತ್ತಿತ್ತು. ಶಕ್ತಿ ಹೋದ ನೌಕೆ ಗುಂಡು ಹಾರಿಸಲಾರದು, ಓಡಲಾರದು, ಕತ್ತಲಲ್ಲಿ ಸುಮ್ಮನೆ ತೇಲುತ್ತದೆ. ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಲೀಚ್! ಆಟಗಾರರು ಬೈದು ಬೈದು ಆಟವನ್ನೇ ಬಿಡತೊಡಗಿದ್ದರು.

"ನಾಳಿದ್ದು ಸಾಯಂಕಾಲ ಐದಕ್ಕೆ ಹೊಸ ವರ್ಶನ್ ಹೋಗ್ಬೇಕು ಪ್ಪಾ," ಎಂದಿದ್ದರು ಮೊನ್ನೆ ಮ್ಯಾನೇಜರ್ ರಘುರಾಮ್. "ಅಷ್ಟರೊಳಗೆ ಸರಿಮಾಡಿದ್ರೆ ಸರಿ. ಇಲ್ಲಾಂದ್ರೆ ನಿನ್ನ ಲೀಚನ್ನ ತೂಕ್ಕಿಡಲಾಂ, ತೆಗೆದೇ ಹಾಕ್ತೀನಿ."

ಎಂಟು ತಿಂಗಳು ನಿದ್ದೆಗೆಟ್ಟು ಮಾಡಿದ ಆಯುಧ. 'ರಾಯರೇ, ಲೀಚನ್ನು ಉಳಿಸಿಕೊಡಿ. ಬರುವ ಏಕಾದಶಿಗೆ ಹನಿ ನೀರೂ ಮುಟ್ಟುವುದಿಲ್ಲ,' ಎಂದು ಸತ್ಯಾತ್ಮ ಮನಸ್ಸಿನಲ್ಲೇ ಕೈಮುಗಿದ. ಏಕಾದಶಿ ಇಷ್ಟು ಬೇಗ ಬಂದುಬಿಡುತ್ತದೆಂದು ಯಾರಿಗೆ ಗೊತ್ತಿತ್ತು?

ಹಿಂದಿನ ಸಂಜೆಯೇ ತಾಂಬರಂನ ತಮ್ಮನ ಮನೆಗೆ ಹೋಗಿದ್ದ ತಾಯಿ ಜಯಲಕ್ಷ್ಮಮ್ಮ, ಮಗನ ಮಧ್ಯಾಹ್ನಕ್ಕೆಂದು ಪುಳಿಯೋಗರೆಯ ಡಬ್ಬಿ ತುಂಬಿಟ್ಟಿದ್ದರು. ಏಕಾದಶಿ ದಿನ ಪುಳಿಯೋಗರೆ! ಅಮ್ಮನಿಗೆ ವಯಸ್ಸಾಯಿತು, ಮರೆವು ಶುರುವಾಗಿದೆ ಎಂದುಕೊಂಡು ಅವನಿಗೆ ಕಣ್ಣು ತುಂಬಿ ಬಂತು. ಅನ್ನ ಹಾಳಾಗಬಾರದೆಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ.

ಮದ್ರಾಸಿನವರು 'ಪರಕ್ಕುಂ ರಯಿಲ್', ಹಾರುವ ರೈಲು ಎಂದು ಕರೆಯುವ ರೈಲು ಅವತ್ತು ನಿಜವಾಗಿಯೂ ಹಾರುತ್ತಿತ್ತು. ಖಾಲಿ ಹೊಟ್ಟೆಗೆ ಊರು ಕೆಳಗೆಲ್ಲೋ ಮಂಜಿನಲ್ಲಿ ತೇಲಿತು. ನೀರಿನ ಟ್ಯಾಂಕುಗಳು ಗ್ರಹಗಳಂತೆ ಮೆಲ್ಲಗೆ ಸರಿದುಹೋದವು. ಹಿತವಾಗಿಯೇ ಇತ್ತು. ಆದರೆ ಆಗಿನ್ನೂ ಬೆಳಗಿನ ಎಂಟೂವರೆ.

ಆಫೀಸಿನಲ್ಲಿ ಡಬ್ಬಿಯನ್ನು ಪಕ್ಕದ ಮೇಜಿನ ಮಂಡ್ಯದ ಮೋಹನನಿಗೆ ಕೊಟ್ಟ. ಅವನು ಡಬ್ಬಿಯ ಜೊತೆಗೆ ಸಲಹೆಯನ್ನೂ ತೆರೆದ.

"ಅರ್ಧ ಮಾಡ್ಬುಡಿ ಸತ್ಯಣ್ಣ. ಹತ್ತು ಹೀರ್ತಿದ್ರೆ ಐದು ಹೀರ್ಲಿ. ಅದ್ಕ್ಯಾಕ್ ಇಷ್ಟು ಯೋಚ್ನೆ?"

ಅರ್ಧ ಮಾಡಿದ. ಆಟವನ್ನು ಪರೀಕ್ಷಿಸುವ ಅನು ಎರಡು ನಿಮಿಷ ಆಡಿ ಮೂಗು ಮುರಿದಳು. "ಸತ್ಯಾ, ಇದು ಲೀಚಾ? ಕೊಸು ಮಾದಿರಿ ಇದೆ. ಎಮ್ಮೆ ಮೇಲೆ ಸೊಳ್ಳೆ ಕೂತ ಹಾಗೆ!"

ಒಂಬತ್ತು ಮಾಡಿದ, ರಘುರಾಮ್ ಬಂದು ಏಳು ಮಾಡಿಸಿದರು. ಅನು ಎಂಟು ಅಂದಳು. ಬಾಯಿ ತುಂಬ ತುತ್ತಿಟ್ಟುಕೊಂಡಿದ್ದ ಮೋಹನ ಆರು ಬೆರಳು ತೋರಿಸಿ, "ನಿಮ್ ಅಮ್ಮನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು ಕಣಣ್ಣ," ಎಂದ. ಹುರಿದ ಎಳ್ಳಿನ ಪರಿಮಳ ತೇಲಿ ಬಂತು. ಸತ್ಯಾತ್ಮನಿಗೆ ಲೋಕವೆಲ್ಲ ಮೆತ್ತಗಾಯಿತು. ತಲೆ ವಾಲಿ ಕೀಬೋರ್ಡಿನ ಮೇಲೆ ಬಿತ್ತು. ಮೂಗು ಸೊನ್ನೆಯ ಕೀಲಿಯ ಮೇಲೆ, ಗಲ್ಲ ಎಂಟರ್ ಮೇಲೆ. ಲೀಚ್ ಹೀರುವ ಅಂಕಿಯ ಪಕ್ಕ ಸೊನ್ನೆಗಳು ಸಾಲುಗಟ್ಟಿದವು.

"ಅಯ್ಯಯ್ಯೋ! ನನ್ನ ಶಿಪ್ಪು!" ಅನು ಕೂಗಿದಳು.

ಪರೀಕ್ಷೆಗೆಂದು ಬಿಟ್ಟಿದ್ದ ಮೂವತ್ತು ನೌಕೆಗಳೂ ಒಮ್ಮೆಗೇ ಆರಿಹೋಗಿದ್ದವು. ಕಪ್ಪು ಆಕಾಶದಲ್ಲಿ ತಿರುಗದೆ, ಮಿನುಗದೆ ತೇಲುತ್ತಿದ್ದವು. ಸತ್ಯಾತ್ಮ ಅವುಗಳನ್ನು ನೋಡುತ್ತಲೇ ಇದ್ದ. ಪಾಪ, ಅವೂ ನಿರ್ಜಲ ಉಪವಾಸವಿದ್ದಂತೆ ಕಂಡವು. ಆದರೆ ತನಗೂ ಅವಕ್ಕೂ ಒಂದು ವ್ಯತ್ಯಾಸವಿತ್ತು. ನಾಳೆ ಬೆಳಿಗ್ಗೆ ಪಾರಣೆ ಇದೆ, ಬಿಸಿ ಅನ್ನದ ಮುಂದೆ ಕೂತು ಉಪವಾಸ ಮುರಿಯುತ್ತೇನೆ ಎಂಬ ಧೈರ್ಯದಲ್ಲಿ ತಾನು ಬದುಕಿದ್ದ. ಆ ನೌಕೆಗಳಿಗೆ ಪಾರಣೆಯೇ ಇರಲಿಲ್ಲ!

ಅವನು ಎದ್ದು ಕೂತ. ಅಂಕಿಯನ್ನು ಮತ್ತೆ ಹತ್ತಕ್ಕೇ ತಂದ. ಕೆಳಗೆ ಒಂದೇ ಒಂದು ನಿಯಮ ಸೇರಿಸಿದ: ಒಮ್ಮೆ ಬರಿದಾದ ನೌಕೆಯ ಶಕ್ತಿ ಪೂರ್ತಿ ತುಂಬುವವರೆಗೆ ಇನ್ನೊಂದು ಲೀಚ್ ಅದನ್ನು ಮುಟ್ಟುವಂತಿಲ್ಲ. ನಿಯಮಕ್ಕೆ 'ಪಾರಣೆ' ಎಂದೇ ಹೆಸರಿಟ್ಟ.

ಅನು ಒಂದು ಗಂಟೆ ಆಡಿದಳು. ಮೂಗು ಮುರಿಯಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ರಘುರಾಮ್ ಅವನ ಬೆನ್ನು ತಟ್ಟಿದರು. "ಸೂಪರ್ ಪ್ಪಾ! ಲೀಚ್ ಇರ್ಲಿ. ಬಾ, ಕೆಳಗೆ ಹೋಗಿ ತುಪ್ಪದ ದೋಸೆ ತಿನ್ನೋಣ."

"ಇವತ್ತು ಬೇಡ ಸಾರ್, ಏಕಾದಶಿ," ಎಂದ ಸತ್ಯಾತ್ಮ, ವಿಜಯಿಯ ವಿನಯದಿಂದ. "ನಾಳೆ ಮಧ್ಯಾಹ್ನ ಇಟ್ಕೊಳ್ಳೋಣ. ಬಾಳೆಲೆ ಊಟ."

"ಡನ್! ಎಲ್ಲರಿಗೂ ನಾಳೆ ಬಾಳೆಲೆ ಊಟ!"

ಮನೆಗೆ ಬಂದಾಗ ದೀಪ ಹಚ್ಚಿತ್ತು. ಜಯಲಕ್ಷ್ಮಮ್ಮ ತಾಂಬರಂನಿಂದ ಬಂದು ಕೂತಿದ್ದರು.

"ಪುಳಿಯೋಗರೆ ಹೇಗಿತ್ತೋ?"

"ಏಕಾದಶಿ ದಿನ ಪುಳಿಯೋಗರೆ ಮಾಡಿಟ್ಟಿದ್ದೀಯಲ್ಲಮ್ಮಾ," ಎಂದು ಅವನು ಮೃದುವಾಗಿ ನಕ್ಕು, ಹರಕೆಯಿಂದ ಹಿಡಿದು ಬಾಳೆಲೆಯವರೆಗೆ ಎಲ್ಲವನ್ನೂ ಹೇಳಿದ. "ಹನಿ ನೀರೂ ಮುಟ್ಟಿಲ್ಲ, ಗೊತ್ತಾ?"

ತಾಯಿ ಅವನನ್ನೇ ನೋಡಿದರು. "ಅಂಗಡಿ ಕ್ಯಾಲೆಂಡರ್ ನೋಡಿದ್ಯಾ? ಅದು ಸ್ಮಾರ್ತರ ಏಕಾದಶಿ ಕಣೋ. ನಾವು ಮಠದ ಪಂಚಾಂಗದವರು. ಬೆಳಗಿನ ಜಾವಕ್ಕೆ ದಶಮಿ ಸೋಕಿದೆ ಅಂತ ನಮಗೆ ಈ ಸಲ ಇವತ್ತು ದಶಮಿ, ಏಕಾದಶಿ ನಾಳೆ."

ಸತ್ಯಾತ್ಮ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕಿಳಿದ. "ಸರಿ... ಹಾಗಾದ್ರೆ ಈಗ ಒಂದು ತುತ್ತು ಮೊಸರನ್ನ..."

"ದಶಮಿ ಅಂದ್ರೆ ಒಪ್ಪತ್ತು. ಮಧ್ಯಾಹ್ನವೇ ಉಂಡು ಮುಗಿಸ್ಬೇಕು, ರಾತ್ರಿ ಊಟ ಇಲ್ಲ. ಅದಕ್ಕೇ ಡಬ್ಬಿ ತುಂಬಿಟ್ಟಿದ್ದು. ಬರೋ ಏಕಾದಶಿಗೆ ಅಂತ ಹರಕೆ ಹೊತ್ತೆ ತಾನೆ? ರಾಯರು ನಿನ್ನ ಕೆಲಸ ನಡೆಸಿಕೊಟ್ರು. ಇನ್ನು ನೀನು ಮಾತು ಉಳಿಸ್ಕೋ."

ಜೇಬಿನಲ್ಲಿ ಮೊಬೈಲು ಕೂಗಿತು. ಮೋಹನನ ಸಂದೇಶ: 'ನಾಳೆ ಒಂದು ಗಂಟೆ. ಪಾಯಸ ಎರಡು ಥರ ಅಂತೆ ಅಣ್ಣ.'

"ಆದರೆ ಅಮ್ಮಾ," ಸತ್ಯಾತ್ಮನ ದನಿ ಎಲ್ಲೋ ನಕ್ಷತ್ರಗಳ ನಡುವಿನಿಂದ ಬಂತು, "ಒಂದು ಸಲ ಬರಿದಾದವನನ್ನ, ಪಾರಣೆ ಆಗೋವರೆಗೂ ಮತ್ತೆ ಮುಟ್ಟೋ ಹಾಗಿಲ್ಲ. ನಿಯಮ ಇದೆ."

"ಅದು ಯಾವ ಮಠದ್ದೋ?" ಎಂದರು ಜಯಲಕ್ಷ್ಮಮ್ಮ.