ಒಂದರ ಜಾಗಕ್ಕೆ ಮೂರು

ಊರವರ ರೇಡಿಯೊಗಳನ್ನೆಲ್ಲ ಹಾಡಿಸಿದ ನಮ್ಮೆಜಮಾನರು ಕಟ್ಟಿಕೊಂಡ ಹೆಂಡತಿಗೆ ಮಾತ್ರ ಹದಿನಾಲ್ಕು ವರ್ಷದಲ್ಲಿ ಒಂದು ಹಾಡೂ ಕೇಳಿಸಲಿಲ್ಲ! ಒಂದು ಬುಧವಾರ ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಯನ್ನು ಬೇಗ ಮುಚ್ಚಿ ಬಂದು, ಮನೆಗೆಂದೇ ಕಟ್ಟುತ್ತಿದ್ದ ರೇಡಿಯೊ ಮುಂದೆ ಕೂತರು. ನಾನು ಅವರೆಕಾಯಿ ಸುಲಿಯುತ್ತ ಎದುರಿಗೆ ಕೂತೆ. ಇಬ್ಬರೂ ಅಕ್ಕಪಕ್ಕದಲ್ಲಿ ಕೂತು ಒಂದು ಹಾಡು ಕೇಳಬೇಕು. ನನಗಿದ್ದದ್ದು ಅದೊಂದೇ ಆಸೆ.

ಎಲ್ಲ ಮುಗಿದು ಒಂದು ರೆಸಿಸ್ಟರಿಗೆ ನಿಂತಿತ್ತು. ರೆಸಿಸ್ಟರ್ ಎಂದರೆ ಕರೆಂಟನ್ನು ತಡೆದು ಅಳತೆಯಾಗಿ ಬಿಡುವ, ಬಣ್ಣದ ಪಟ್ಟೆಗಳ ಒಂದು ಪುಟಾಣಿ ಕಡ್ಡಿ. ಏಳನೇ ಕ್ಲಾಸಿನ ನನಗೆ ಇದೆಲ್ಲ ಹೇಗೆ ಗೊತ್ತು ಅಂತೀರಾ? ಊಟಕ್ಕೆ ಬಡಿಸಿದಾಗಲೆಲ್ಲ ಇದೇ ಪಾಠ! ಇದ್ದಿಲಿನ ಜಾತಿಯಲ್ಲಿ ಕಾಲು ವ್ಯಾಟಿನದು ಇನ್ನೂರೈವತ್ತು ವೋಲ್ಟ್ ತಾಳುತ್ತದೆ, ಅರೆ ವ್ಯಾಟಿನದು ಮುನ್ನೂರೈವತ್ತು. ಅದನ್ನು ಮೀರಿದರೆ ಮೈ ಬಿಸಿಯೇ ಆಗದೆ ಒಳಗೊಳಗೇ ಕೆಡುತ್ತದೆ. ತಂತಿ ಸುತ್ತಿದ ದಪ್ಪನೆಯದು ಎಷ್ಟು ಬಿಸಿಯಾದರೂ ಜಗ್ಗುವುದಿಲ್ಲ. ನನ್ನಣ್ಣ ಸಿಟ್ಟಿನಿಂದ ಕೆಂಪಾದಾಗೆಲ್ಲ ಇವರು ಅವನೆದುರಿಗೇ, "ನಿಮ್ಮಣ್ಣ ತಂತಿ ಸುತ್ತಿದ್ದು ಕಣೆ, ಏನೂ ಆಗಕಿಲ್ಲ ಬುಡು" ಎನ್ನುತ್ತಿದ್ದರು.

ನಮ್ಮ ಬೀದಿಯ ಹಿಟ್ಟಿನ ಗಿರಣಿ ಸಂಜೆ ನಿಂತ ಕೂಡಲೇ ಮನೆಯ ಬಲ್ಬು ಬೆಳ್ಳಗಾಗುತ್ತಿತ್ತು, ಇವರ ಮುಖ ಕಪ್ಪಗಾಗುತ್ತಿತ್ತು. ವೋಲ್ಟೇಜ್ ಜಿಗಿಯಿತಲ್ಲ! ಅದಕ್ಕೇ ಒಂದು ದೊಡ್ಡ ರೆಸಿಸ್ಟರಿನ ಜಾಗದಲ್ಲಿ ಮೂರು ಚಿಕ್ಕವನ್ನು ಸಾಲಾಗಿ ಬೆಸೆಯುವರು. ಹೊರೆ ಮೂರು ಪಾಲಾಗಿ ಹಂಚಿಹೋಗುತ್ತದೆ. ರಾವಂದೂರಿನ ಗಿರಾಕಿಯೊಬ್ಬರು ಇದನ್ನು ನೋಡಿ, ನಿಮ್ಮ ಮನೆಯಲ್ಲಿ ಹೆಂಡತಿಯರೂ ಮೂವರೋ ಎಂದು ಕೇಳಿ ಹೋಗಿದ್ದರು.

ಮನೆಯಲ್ಲೂ ಇವರದು ಅದೇ ಲೆಕ್ಕ. ಬಟ್ಟೆ ಒಣಹಾಕುವ ಹಗ್ಗಕ್ಕೆ ಮೂರು ಮೊಳೆ. ಕೆಟ್ಟ ಸುದ್ದಿಗೆ ಮೂರು ದಿನ! ಹಾರನಹಳ್ಳಿಯ ನಾದಿನಿಗೆ ಬಳುವಳಿ ಕೊಟ್ಟಿದ್ದ ಹಸು ಸತ್ತಾಗ, ಇವರು ಅತ್ತೆಗೆ ಮೊದಲ ದಿನ ಅದು ಮೇವು ಬಿಟ್ಟಿದೆ ಎಂದರು, ಮರುದಿನ ಮಲಗಿದೆ ಎಂದರು. ಮೂರನೆಯ ದಿನ ಇವರು ಬಾಯಿ ತೆರೆಯುವ ಮೊದಲೇ ಅತ್ತೆ, "ಸೋಮವಾರವೇ ಸತ್ತದೆ ಅಂತ ನಂಗೊತ್ತು ಕಣ್ಲಾ. ನೀನು ನೊಂದ್ಕತೀಯ ಅಂತ ಸುಮ್ಕಿದ್ದೆ" ಎಂದರು.

ಆ ಬುಧವಾರ ಚಿಕ್ಕ ರೆಸಿಸ್ಟರುಗಳಲ್ಲಿ ಎರಡೇ ಉಳಿದಿದ್ದವು. ಆ ಮೂರರ ಜಾಗಕ್ಕೆ ಆಗುವ ದೊಡ್ಡದೊಂದು ಮಾತ್ರ ಡಬ್ಬಿಯಲ್ಲಿತ್ತು.

"ಇವತ್ತೊಂದಿನ ಆ ಒಂದನ್ನೇ ಹಾಕ್ರೀ, ಕೇಳಾನ" ಎಂದೆ.

"ಇವತ್ತೇನೋ ಆಡ್ತದೆ. ನಾಳೆ ಗಿರಣಿ ನಿಂತಾಗ? ನಿನ್ ರೇಡಿಯೊಗೆ ಅಂಗೆಲ್ಲ ಮಾಡಕಿಲ್ಲ ಕಣೆ. ಬೆಳಗ್ಗೆ ಮೈಸೂರಿಗೋಗಿ ತತ್ತೀನಿ."

ಮರುದಿನ ಹೋದರು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕೂತಲ್ಲೇ ಹೋಗಿಬಿಟ್ಟರಂತೆ. ಕಂಡಕ್ಟರು ಪಾಪ, ನಮ್ಮ ಮನೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಿದ. ಸುದ್ದಿಯನ್ನು ಮೂರು ದಿನಕ್ಕೆ ಹಂಚಿ ಹೇಳುವವರು ಆ ಬಸ್ಸಿನಲ್ಲೇ ಇದ್ದರು.

ಅಂಗಿಯ ಜೇಬಿನಲ್ಲಿ ಕಾಗದದ ಪೊಟ್ಟಣವಿತ್ತು. ತಿಂಗಳಾದ ಮೇಲೆ, ಅವರ ಹತ್ತಿರ ಕೆಲಸ ಕಲಿತವರೊಬ್ಬರು ಬಂದು ಆ ಮೂರನೆಯದನ್ನು ಬೆಸೆದು ಕೊಟ್ಟರು. ಆರು ವರ್ಷವಾಯಿತು, ಗಿರಣಿ ದಿನಾ ನಿಲ್ಲುತ್ತದೆ, ರೇಡಿಯೊ ಒಂದು ಸಲವೂ ಕೆಟ್ಟಿಲ್ಲ. ನಾವಿಬ್ಬರೂ ಕೂತು ಅದನ್ನು ಒಂದು ದಿನವೂ ಕೇಳಲಿಲ್ಲ.