ನನ್ನನ್ನ ಕೂಡಿಸಲಿಕ್ಕೆ ಹೆಣಗಿದ ಮಾಸ್ತರುಗಳು

ನಂಗ ಒಂದ ಕಡೆ ಕೂಡಲಿಕ್ಕೆ ಬರೂದಿಲ್ಲ, ಹಿಂಗಾಗಿ ನನ್ನ ಜೀವನದಾಗ ಇಂಥಾವು ಆಗ್ತನ ಇರ್ತಾವ. ಮೊನ್ನೆ ಬ್ಯಾಂಕಿನ್ಯಾಗ ಟೋಕನ್ ಹಿಡಕೊಂಡು ನಾಕು ಸಲ ಕೂತು ನಾಕು ಸಲ ಎದ್ದೆ. ಐದನೇ ಸಲಕ್ಕ ವಾಚ್‌ಮನ್ ಬಂದು, "ಮಾವಶಿ, ಏನು ಕಳಕೊಂಡೀರಿ?" ಅಂತ ಮರಾಠಿಯೊಳಗ ಕೇಳಿದ. ಪುಣೆಯ ಕೊಂಢವಾದಾಗ ನಮ್ಮ ಬಿಲ್ಡಿಂಗಿನ ಲಿಫ್ಟಿನ್ಯಾಗೂ ನನ್ನ ಕಾಲು ಸುಮ್ಮನಿರೂದಿಲ್ಲ. ನಮ್ಮ ಮನಿಯವ್ರು ಅಂತಾರ, "ನಿನಗ ಸಾಲಿಯೊಳಗ ಯಾರೂ ಕೂಡೂದು ಕಲಿಸಲಿಲ್ಲೇನ?" ಕಲಿಸ್ಯಾರ್ರಿ! ಸಾಲಿಗೆ ಸಾಲೀನ ನನ್ನ ಬೆನ್ನು ಹತ್ತಿ ಕಲಿಸೇದ.

ಪುಣೆಯೊಳಗ ನಮ್ಮದು ಕನ್ನಡ ಸಾಲಿ. ಅಪ್ಪ ವಿಜಾಪುರ ಕಡೆಯವ್ರು, ಇಲ್ಲಿ ಒಂದು ಆಫೀಸಿನ್ಯಾಗ ಕಾರಕೂನ. ನಾ ಆಗ ಐದನೇ ಇಯತ್ತೆ. ಹೆಡ್‌ಮಾಸ್ತರ ಕಡೆ ತಕರಾರು ಬರಿಯೂ ಕಪ್ಪು ನೋಟ್‌ಬುಕ್ ಒಂದಿತ್ತು. ಯಾರ ಹೆಸರಿನ ಮುಂದ ಮೂರು ತಕರಾರು ಬಿದ್ರೂ ಸಾಲಿ ಬಿಟ್ಟ ದಾಖಲೆ ಕೈಯಾಗ ಕೊಟ್ಟು ಮನಿಗೆ ಕಳಸೂದು. ದೀಪಾವಳಿಕ್ಕಿಂತ ಮೊದಲ ನನ್ನವು ಎರಡು ಬಿದ್ದಿದ್ವು. ಒಂದು "ಕೂಡುವುದಿಲ್ಲ", ಇನ್ನೊಂದು "ಹೇಳಿದರೂ ಕೂಡುವುದಿಲ್ಲ". ಅಪ್ಪ ಖಡಾಖಡಿ ಹೇಳಿಬಿಟ್ರು, "ಮೂರನೇದು ಬಿತ್ತಂದ್ರ ದೌಂಡಿಗೆ! ಅತ್ತಿ ಮನ್ಯಾಗ ಇದ್ದು ಅಲ್ಲೇ ಮರಾಠಿ ಸಾಲಿಗೆ ಹೋಗು." ಅತ್ತಿ ಛಲೋ ಆಕಿನ. ಆದ್ರ ನನ್ನ ಗೆಳತ್ಯಾರು, ನನ್ನ ಬೆಂಚು, ನಮಗ ಕನ್ನಡ ಕಲಿಸೂ ಬಾಯಾರು ಎಲ್ಲಾ ಬಿಟ್ಟು ಹೋಗೂದಂದ್ರ? ಅದನ್ನ ನೆನಸಿಕೊಂಡ್ರ ಸಾಕು, ಮತ್ತ ಎದ್ದು ನಿಲ್ತಿದ್ದೆ.

೧. ಗಣಿತದ ಮಾಸ್ತರ ಚೀಟಿ

ಗಣಿತದ ಮಾಸ್ತರು ಭಾಳ ಸಾದಾ ಮನಷ್ಯಾ. ತಕರಾರು ಬರಸೂ ಜಾತಿ ಅಲ್ಲ. ಅವ್ರ ತಾಸಿನ್ಯಾಗ ನಾ ಮೂರನೇ ಸಲ ಎದ್ದೆ ಅಂದ್ರ ಒಂದು ಚೀಟಿ ಬರದು, ನಾಕು ಮಡಿಕಿ ಮಡಿಚಿ, "ಇದನ್ನ ಆರನೇ ಇಯತ್ತೆ ಮಾಸ್ತರಿಗೆ ಕೊಡು. ಅರ್ಜೆಂಟ್ ಅದ, ಓಡು" ಅಂತಿದ್ರು. ಅವ್ರು ಓದಿ ಏಳನೇತ್ತೆಗೆ ಕಳಸೂದು. ಏಳನೇತ್ತೆಯವ್ರು ಓದಿ ಮ್ಯಾಲಿನ ಮಜಲಿನ ಚಿತ್ರಕಲಾ ಮಾಸ್ತರ ಕಡೆ. ನನಗ ಏನು ಗತ್ತು ಅಂತೀರಿ! ಸಾಲಿ ಕಾರಭಾರ ಎಲ್ಲಾ ನನ್ನ ಮ್ಯಾಲೇ ನಿಂತದ ಅಂತ ತಿಳಕೊಂಡಿದ್ದೆ. ಮನ್ಯಾಗೂ ಹೇಳಿದ್ದೆ. ಅವ್ವ ನಾಕು ಮಂದಿ ಮುಂದ ಹೇಳಿದ್ಲು.

ಒಂದು ದಿನ ಚಿತ್ರಕಲಾ ಮಾಸ್ತರ ಕಡೆಯಿಂದ ಪಾಂವಟಿಗಿ ಇಳಿಯೂ ಮುಂದ ತಡೀಲಾರದ ಚೀಟಿ ಬಿಚ್ಚಿ ನೋಡಿದೆ. "ಓದಿದ ಮೇಲೆ ಇವಳನ್ನು ಮುಂದಿನವರ ಕಡೆ ಕಳಿಸಿರಿ. ಗಂಟೆ ಹೊಡೆಯುವ ತನಕ ನನ್ನ ಕಡೆ ತಿರುಗಿ ಬರಬಾರದು." ಕೆಳಗ ಮೂರೂ ಮಾಸ್ತರ ಸಹಿ!

ಸಿಟ್ಟು ಬಂತ್ರಿ. ಧಡಧಡ ಇಳದು ಹೋಗಿ ಚೀಟಿ ಅವ್ರ ಟೇಬಲ್ ಮ್ಯಾಲೆ ಒಗದು, "ಸರ್, ಇದ್ರಾಗ ಏನು ಬರದದ ನಾ ಓದೀನಿ" ಅಂದೆ.

ಮಾಸ್ತರು ಚಷ್ಮಾ ತಗದು ನನ್ನ ಮಾರಿ ನೋಡಿದ್ರು. "ಪೂರಾ ಓದಿದಿ? ಒಂದೂ ತಪ್ಪಿಲ್ಲದ? ಶಾಬ್ಬಾಸ್! ನಿನಗ ಓದಲಿಕ್ಕೆ ಬರೂದಿಲ್ಲಂತ ಕನ್ನಡ ಬಾಯಾರು ನಿನ್ನೆ ಅಳೂದೊಂದ ಬಾಕಿ ಇತ್ತು. ಹೋಗು, ಓಡಿ ಹೋಗಿ ಅವ್ರಿಗೆ ಹೇಳಿ ಬಾ."

ಓಡಿದೆ. ಅರ್ಧಾ ದಾರಿಗೆ ಹೋದ ಮ್ಯಾಲೆ ತಿಳೀತು.

೨. ಬಾಯಾರು ಖುರ್ಚಿ ಏರಿದ್ದು

ಕನ್ನಡ ಬಾಯಾರು ಕರಾವಳಿ ಕಡೆಯವ್ರು. ಪುಸ್ತಕದಾಗಿನ ಕನ್ನಡ ಅವ್ರದು. "ಮಕ್ಕಳೇ, ದಯವಿಟ್ಟು ಕುಳಿತುಕೊಳ್ಳಿ" ಅಂದ್ರ ನಮಗ ದೇವರ ಪೂಜಾ ಶುರು ಆದಂಗ ಅನಸ್ತಿತ್ತು. ಅವ್ರದೊಂದು ನಿಯಮ: ತರಗತಿಯೊಳಗ ಮರಾಠಿ ಮಾತಾಡಿದವ್ರು ತಾಸು ಮುಗಿಯೂ ತನಕ ಬೆಂಚಿನ ಮ್ಯಾಲೆ ನಿಲ್ಲಬೇಕು. ನಮಗರ ಸಾಲಿ ಗೇಟು ದಾಟಿದ್ರ ಬರೇ ಮರಾಠಿ. ಹಿಂಗಾಗಿ ದಿನಾ ನಾಕೈದು ಮಂದಿ ಬೆಂಚು ಹತ್ತಿ ನಿಂತಿರ್ತಿದ್ರು.

ಒಂದು ದಿನ ಅವ್ರು ಪದ್ಯ ಓದ್ಲಿಕ್ಕೆ ಹತ್ತಿದ್ರು. ನಾ ಎದ್ದೆ, ಕೂತೆ, ಕಿಟಕಿಗೆ ಹೋದೆ, ಬಂದೆ, ಮತ್ತ ಎದ್ದೆ. ಬಾಯಾರ ಸಹನಾ ಹರೀತು. ಪುಸ್ತಕ ಬಡದು, "ಏ, ಗಪ್ ಬಸ್ ಗ! ಕಿತೀ ವೇಳಾ ಸಾಂಗೂ ತುಲಾ?" ಅಂತ ಒದರಿದ್ರು. ಸುಮ್ಮನ ಕೂಡು, ಎಷ್ಟು ಸಲ ಹೇಳಲಿ ನಿನಗ ಅಂತ. ಅಪ್ಪಟ ಮರಾಠಿ!

ನನ್ನ ಬಾಯಿ ಸುಮ್ಮನಿರಬೇಕೋ ಬ್ಯಾಡೋ? "ಬಾಯಾರ, ನೀವೂ ಮರಾಠಿ ಮಾತಾಡಿದ್ರಿ" ಅಂದುಬಿಟ್ಟೆ. ಮುಗೀತು, ದೌಂಡ್ ಗಾಡಿ ಹತ್ತಿದಂಗ ಅಂತ ಮನಸಿನ್ಯಾಗ ಅನಕೊಂಡೆ.

ಬಾಯಾರು ಚಪ್ಪಲಿ ಬಿಟ್ರು, ಸೀರಿ ನಿರಿಗಿ ಹಿಡಕೊಂಡ್ರು, ಖುರ್ಚಿ ಮ್ಯಾಲೆ ಹತ್ತಿ ನಿಂತ್ರು. ನಿಂತಲ್ಲೇ ಪದ್ಯ ಮುಂದುವರಿಸಿದ್ರು. ಅಷ್ಟರಾಗ ಹೆಡ್‌ಮಾಸ್ತರು ಬರಬೇಕ! "ಏನ್ರಿ ಬಾಯಾರ ಇದು?"

ಬಾಯಾರು ನನ್ನ ಕಡೆ ನೋಡಿದ್ರು. ಒಂದು ಮಾತು ಆಡಿದ್ರ ನನ್ನ ಕಥಿ ಖಲಾಸ್. "ಏನಿಲ್ಲ ಸರ್, ಫ್ಯಾನಿನ ಮೇಲೆ ಎಷ್ಟು ಧೂಳಿದೆ ಅಂತ ನೋಡ್ತಿದ್ದೆ" ಅಂದ್ರು.

"ಬರೇ ನೋಡಿದ್ರ ಏನು ಬಂತು? ಒರಸಿಬಿಡ್ರಿ" ಅಂತ ಹೆಡ್‌ಮಾಸ್ತರು ಡಸ್ಟರ್ ಕೊಟ್ರು. ಒರಸೂ ತನಕ ಅಲ್ಲೇ ನಿಂತ್ರು.

ನನಗ ಅವತ್ತ ಭಾಳ ಕೆಟ್ಟ ಅನಸ್ತು. ತಲಿ ತುಂಬಾ ಧೂಳು ಬಿದ್ರೂ ಅವ್ರು ನನ್ನ ಹೆಸರು ಹೇಳಲಿಲ್ಲ. ಮರುದಿನದಿಂದ ಬಾಯಾರು ಸಿಟ್ಟು ಬಂದಾಗೆಲ್ಲಾ ಇಂಗ್ಲಿಷಿನ್ಯಾಗ ಬೈಲಿಕ್ಕೆ ಶುರು ಮಾಡಿದ್ರು. ಇಂಗ್ಲಿಷಿಗೆ ನಿಯಮ ಇದ್ದಿದ್ದಿಲ್ಲ.

೩. ಪಿ.ಟಿ. ಮಾಸ್ತರು

ಇವ್ರದು ಸಣ್ಣದು. ಉಳದ ಮಾಸ್ತರೆಲ್ಲಾ ತಪ್ಪು ಮಾಡಿದ್ರ ಮೈದಾನ ಸುತ್ತು ಹಾಕ್ರಿ ಅಂತಿದ್ರು. ಪಿ.ಟಿ. ಮಾಸ್ತರು ಖುರ್ಚಿ ಹಾಕಿಕೊಂಡು ಕೂತು, "ನೀ ಓಡೂದು ನೋಡಿ ನನಗ ಚಕ್ಕರ ಬರ್ತದವಾ. ತಪ್ಪು ಮಾಡೀದಿ, ಬಾ, ಬಾಜೂಕ ಕೂಡು" ಅಂತಿದ್ರು. ಪಿ.ಟಿ. ತಾಸಿನ್ಯಾಗ ಕೂಡೂ ಶಿಕ್ಷಾ ಆದಾಕಿ ಇಡೀ ಪುಣೆಯೊಳಗ ನಾ ಒಬ್ಬಾಕೀನ ಇರಬೇಕು.

೪. ಸಾಹೇಬ್ರು ಬಂದ ದಿನ

ಶಿಕ್ಷಣ ಖಾತೆಯ ಸಾಹೇಬ್ರು ತಪಾಸಣಿಗೆ ಬರ್ತಾರಂತ ಸುದ್ದಿ ಬಂತು. ಹಿಂದಿನ ದಿನ ಹೆಡ್‌ಮಾಸ್ತರು ನನ್ನ ಬೆಂಚಿನ ಮುಂದ ಬಂದು ನಿಂತು, ಬಗಲಾಗಿನ ಕಪ್ಪು ನೋಟ್‌ಬುಕ್ ತೋರಿಸಿ, "ನಾಳೆ ಈ ಜಾಗಾ ಬಿಟ್ಟು ಎದ್ದಿ ಅಂದ್ರ ಮೂರನೇದು ನಾನ ಬರೀತೀನಿ" ಅಂದ್ರು.

ರಾತ್ರಿ ಊಟ ಸೇರಲಿಲ್ಲ. ನನ್ನ ಕಾಲು ನನ್ನ ಮಾತು ಕೇಳೂದಿಲ್ಲಂತ ನನಗ ಗೊತ್ತಿತ್ತು. ಮುಂಜಾನೆ ಸಾಲಿಗೆ ಹೋದಾಕೀನ ಹಿಂದಿನ ಬೆಂಚಿನ ಗೆಳತಿಗೆ ಕೈ ಮುಗದೆ: "ನನ್ನ ಎರಡೂ ಜಡಿ ರಿಬ್ಬನ್ ನಿನ್ನ ಡೆಸ್ಕಿಗೆ ಕಟ್ಟವಾ. ಗಟ್ಟಿ ಕಟ್ಟು." ಆಕಿ ಖರೇ ಗೆಳತಿ. ಒಂದಕ್ಕ ಮೂರು ಗಂಟು ಹಾಕಿದ್ಲು.

ಸಾಹೇಬ್ರು ಒಳಗ ಬಂದ್ರು. ಹಿಂದ ಹೆಡ್‌ಮಾಸ್ತರು, ಗಣಿತದ ಮಾಸ್ತರು, ಬಾಯಾರು. ಇಡೀ ಕ್ಲಾಸು ದಬಕ್ಕನ ಎದ್ದು ನಿಂತು, "ನಮಸ್ತೇ ಸರ್" ಅಂತು.

ನಾ ಒಬ್ಬಾಕಿ ಕೂತಿದ್ದೆ.

ವರ್ಷಾನಗಟ್ಲೆ ಎಲ್ಲಾರೂ ಕೂತಾಗ ನಿಂತಾಕಿ, ಎಲ್ಲಾರೂ ನಿಂತಾಗ ಕೂತಿದ್ದೆ. ಹೆಡ್‌ಮಾಸ್ತರು ಕಣ್ಣು ಕೆಂಪಗ ಮಾಡಿ, "ಏಳು!" ಅಂತ ಪಿಸುಗುಟ್ಟಿದ್ರು.

"ಏಳೂದಿಲ್ರಿ ಸರ್. ನೀವ ಹೇಳೀರಿ."

"ಎದ್ದು ನಿಲ್ಲಂದ್ರ!"

ಹೆದರಿ ಎದ್ದೆ. "ಅವ್ವಾ!" ಅಂತ ಚೀರಿ ಅಲ್ಲೇ ಕೂತೆ. ಹಿಂದಿನ ಡೆಸ್ಕು ಜರಗಿ, ಕಂಪಾಸ್ ಪೆಟಗಿ ಬಿದ್ದು, ಪೆನ್ಸಿಲ್ಲೊಂದು ಉರುಳಿ ಸಾಹೇಬ್ರ ಬೂಟಿಗೆ ಹೋಗಿ ನಿಂತಿತು. ಹೆಡ್‌ಮಾಸ್ತರು ಹಿಂದ ಮುಂದ ನೋಡಲಿಲ್ಲ, ನೋಟ್‌ಬುಕ್ ತಗದು ಭರಭರಾ ಬರದುಬಿಟ್ರು. ನನ್ನ ಕಣ್ಣಾಗ ನೀರು ಬಂದುವು.

ಸಾಹೇಬ್ರು ಮರಾಠಿಯವ್ರು, ಕನ್ನಡ ಬರ್ತಿದ್ದಿಲ್ಲ. "ಏನು ಬರದ್ರಿ? ನನಗೂ ಓದಿ ಹೇಳ್ರಿ" ಅಂದ್ರು.

ಹೆಡ್‌ಮಾಸ್ತರು ಬೆವರು ಒರಸಿಕೋತ ಮರಾಠಿಯೊಳಗ ಓದಿದ್ರು. "ತಕರಾರು ಒಂದು, ಕೂಡುವುದಿಲ್ಲ. ತಕರಾರು ಎರಡು, ಹೇಳಿದರೂ ಕೂಡುವುದಿಲ್ಲ. ತಕರಾರು ಮೂರು..." ಅಲ್ಲಿಗೆ ನಿಂತ್ರು.

"ಮೂರು?"

"ಏಳುವುದಿಲ್ಲ."

ಬಾಯಾರು ಸೆರಗು ಬಾಯಿಗೆ ಒತ್ತಿಕೊಂಡ್ರು. ಗಣಿತದ ಮಾಸ್ತರು ಗ್ವಾಡಿ ಕಡೆ ತಿರುಗಿದ್ರು, ಭುಜಾ ಕುಣೀತಿದ್ವು. ಸಾಹೇಬ್ರು ನಗಲಿಲ್ಲ. "ಮೊದಲು ನಿಮಗ ಏನು ಬೇಕು ಅನ್ನೂದು ಪಕ್ಕಾ ಮಾಡ್ಕೋರಿ" ಅಂತ ಹೇಳಿ, ನನ್ನ ರಿಬ್ಬನ್ ತಾವ ಬಿಚ್ಚಿ ಮುಂದ ಹೋದ್ರು.

ನಾ ದೌಂಡಿಗೆ ಹೋಗೂದು ಖರೇ ಅಂತ ನಾಕು ದಿನ ಅತ್ತೆ. ಐದನೇ ದಿನ ತಪಾಸಣಿ ವರದಿ ಬಂತು. ಪ್ರಾರ್ಥನಾ ಮುಗದ ಮ್ಯಾಲೆ ಹೆಡ್‌ಮಾಸ್ತರ ಎಲ್ಲಾರ ಮುಂದ ಓದಬೇಕಾತು: "ಶಾಲೆಯ ಶಿಸ್ತು ಉತ್ತಮವಾಗಿದೆ. ವಿಶೇಷವಾಗಿ ಐದನೇ ಇಯತ್ತೆಯ ಒಬ್ಬ ಹುಡುಗಿ, ಖುದ್ದು ಮುಖ್ಯಾಧ್ಯಾಪಕರು ಹೇಳಿದರೂ ಕೂತ ಜಾಗ ಬಿಡಲಿಲ್ಲ."

ಅವತ್ತ ಮೂರೂ ತಕರಾರಿನ ಮ್ಯಾಲೆ ಗೀಟು ಬಿತ್ತು. ಮುಂದ ವಾರದಾಗ ಹೊಸಾ ವಿಜ್ಞಾನ ಮಾಸ್ತರು ಬಂದ್ರು. ಎರಡ ದಿನಕ್ಕ ನನ್ನ ರೆಟ್ಟಿ ಹಿಡಕೊಂಡು ಆಫೀಸಿಗೆ ಎಳಕೊಂಡು ಹೋಗಿ, "ಸರ್, ಈ ಹುಡುಗಿ ಒಂದು ಮಿನಿಟು ಕೂಡೂದಿಲ್ಲ. ತಕರಾರು ಬರೀರಿ" ಅಂದ್ರು. ಅಷ್ಟು ಹೇಳೂದ್ರಾಗ ನಾ ಕೈ ಕೊಸರಿಕೊಂಡು ಕಿಟಕಿ ಹತ್ತಿ ನಿಂತಿದ್ದೆ.

ಹೆಡ್‌ಮಾಸ್ತರು ಒಮ್ಮೆ ನನ್ನ ಕಡೆ ನೋಡಿದ್ರು, ಒಮ್ಮೆ ವರದಿ ಕಡೆ ನೋಡಿದ್ರು. "ಸರಕಾರಿ ಕಾಗದದಾಗ ಆಕಿ ಕೂತಾಳ ಮಾಸ್ತರ" ಅಂದ್ರು. "ನಿಮಗ ನಿಂತಂಗ ಕಂಡ್ರ, ಕಣ್ಣು ತೋರಿಸಿಕೊಳ್ರಿ."