ಕೈಮಾತಿನಲ್ಲಿ ಕೊಂಡ ಗೇರ್ ಸೈಕಲ್

ಆಸೆಗಳಿಗೂ ಬರಬೇಕಾದ ವಯಸ್ಸು ಅಂತ ಒಂದಿರುತ್ತದೆ. ಐಸ್‌ಕ್ಯಾಂಡಿಯ ಆಸೆ ಆರನೆಯ ವಯಸ್ಸಿಗೆ ಬಂದರೆ ಚೆಂದ, ಜರಿ ಸೀರೆಯ ಆಸೆ ಮದುವೆಯ ವಯಸ್ಸಿಗೆ. ನನಗೆ ನಲವತ್ತಾರು ತುಂಬಿ, ಎರಡೂ ಮಂಡಿಗಳು ಕಟಕಟ ಎನ್ನತೊಡಗಿದ ಮೇಲೆ, ಗುಡ್ಡ ಹತ್ತುವ ಗೇರ್ ಸೈಕಲ್ಲಿನ ಆಸೆ ಬಂತು. ಹೇಳಿಕೊಳ್ಳೋಣವೆಂದರೆ ನಾಚಿಕೆ, ಹೇಳದಿದ್ದರೆ ಹೊಟ್ಟೆಯುಬ್ಬರ. ಕೊನೆಗೆ ಮಂಡಿ ತೋರಿಸಲು ಹೋದಾಗ ಡಾಕ್ಟರ ಮುಂದೆ ಬಾಯಿ ಬಿಟ್ಟೆ. ಅವರು, "ಸೈಕಲ್ ಹೊಡೀರಿ, ಭಾಳ ಛಲೋ" ಅಂದುಬಿಟ್ಟರು. ಅವರು ಹೇಳಿದ್ದು ನಿಂತಲ್ಲೇ ನಿಂತು ತುಳಿಯುವ, ಚಕ್ರ ನೆಲಕ್ಕೆ ತಾಗದ ಸೈಕಲ್ಲಿನ ಬಗ್ಗೆ. ಆ ಭಾಗವನ್ನು ಮನೆಯಲ್ಲಿ ಹೇಳುವ ಅಗತ್ಯ ನನಗೇನೂ ಕಾಣಲಿಲ್ಲ.

ಆಸೆ ಹುಟ್ಟಿದ್ದು ಮಾತ್ರ ನನ್ನ ತವರಾದ ನೂಲದಲ್ಲಿ. ಗಡಹಿಂಗ್ಲಜದ ಆಚೆಗಿನ ಆ ಊರಿನಿಂದ ಸಾಮಾನಗಡದ ಕೋಟೆಗೆ ಒಂದು ಏರುದಾರಿ ಇದೆ. ಚಿಕ್ಕವಳಿದ್ದಾಗ ನನ್ನ ತಮ್ಮ ಮಾಯಪ್ಪನ ಸೈಕಲ್ಲನ್ನು ತೊಳೆಯುವವಳು ನಾನು, ಎಣ್ಣೆ ಬಿಡುವವಳು ನಾನು, ಗಾಳಿ ಹೊಡೆಯುವವಳೂ ನಾನೇ. ಬಾವಿಯ ತನಕ ಹೋಗಿ ಬರಲು ಅಪ್ಪಣೆ ಇತ್ತು. ಗುಡ್ಡದ ದಾರಿಗೆ ಮುಂದಿನ ಚಕ್ರ ತಿರುಗಿಸಿದರೆ ಸಾಕು, "ಹೆಣ್ಣಮಗಳು ಅಲ್ಲಿ ಹತ್ತಿ ಏನ ಕಡದು ಗುಡ್ಡಿ ಹಾಕಾಕಿ ಅದೀಯ?" ಎಂದು ಅವ್ವನ ಕೂಗು ಬರುತ್ತಿತ್ತು. ಹೋದ ದೀಪಾವಳಿಗೆ ತವರಿಗೆ ಹೋದಾಗ ಅದೇ ಏರಿನಲ್ಲಿ ನಾನು ಗುಡಿಗೆಂದು ಏದುಸಿರು ಬಿಡುತ್ತ ನಡೆಯುತ್ತಿದ್ದೆ. ಹಿಂದಿನಿಂದ ಹೆಲ್ಮೆಟ್ಟಿನ ಸವಾರರ ಒಂದು ಗುಂಪು ಬಂತು. ಕೊನೆಯಲ್ಲಿದ್ದವಳು ಹೆಂಗಸು, ನನಗಿಂತ ಹಿರಿಯಳು, ಹೆಲ್ಮೆಟ್ಟಿನ ಕೆಳಗಿಂದ ಬಿಳಿ ಜಡೆ ಇಳಿಬಿದ್ದಿತ್ತು. ಶೇಂಗಾ ಚಿಕ್ಕಿ ಅಗಿಯುತ್ತ, ನನ್ನನ್ನು ನೋಡಿ ನಕ್ಕು, ಹೋಗಿಯೇಬಿಟ್ಟಳು! ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ನನಗೂ ಬೇಕು, ಮಂಡಿ ಪೂರ್ತಿ ಕೈಕೊಡುವ ಮುಂಚೆ ಬೇಕು, ಈ ದಾರಿಯನ್ನು ಒಂದು ಸಲ ನನ್ನದೇ ಸೈಕಲ್ಲಿನ ಮೇಲೆ ಹತ್ತಲೇಬೇಕು ಎಂದು ಮನಸ್ಸು ಮಗುವಿನ ಹಾಗೆ ಹಟ ಹಿಡಿಯಿತು.

ಇಚಲಕರಂಜಿಯ ನಮ್ಮ ಮನೆಗೆ ಮರಳಿದ ಮೇಲೆ ಮೊಬೈಲಿನಲ್ಲಿ ಅಭ್ಯಾಸ ಶುರುವಾಯಿತು. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಮೌಂಟೇನ್ ಬೈಕ್ ಆರಿಸುವುದು ಹೇಗೆಂದು ಹಿಂದಿ, ಮರಾಠಿ, ಕನ್ನಡದಲ್ಲಿ ಹೇಳಿಕೊಡುವ ಹುಡುಗರೆಲ್ಲ ನನ್ನ ಗುರುಗಳಾದರು. ಒಬ್ಬ ಉಕ್ಕಿನ ಫ್ರೇಮ್ ಮುಟ್ಟಬೇಡಿ ಎನ್ನುತ್ತಾನೆ, ಇನ್ನೊಬ್ಬ ಉಕ್ಕೇ ಗಟ್ಟಿ ಎನ್ನುತ್ತಾನೆ. ಒಬ್ಬನಿಗೆ ಡಿಸ್ಕ್ ಬ್ರೇಕ್ ಇಲ್ಲದ ಸೈಕಲ್ ಸೈಕಲ್ಲೇ ಅಲ್ಲ. ಒಲೆಯ ಮೇಲಿನ ಬೇಳೆ ಸೀದು ಹೋದರೂ ನನಗೆ ಶಾಕ್ ಅಬ್ಸಾರ್ಬರಿನದೇ ಧ್ಯಾನ. ಊರಿನಿಂದ ಬಂದ ಮಾಯಪ್ಪ ಫೋಟೋಗಳನ್ನು ನೋಡಿ ಹರಳೆಣ್ಣೆ ಕುಡಿದ ಮುಖ ಮಾಡಿದ. ಕುರಿ ಸಾಕುವವನು ಅವನು, ಅವನ ಲೆಕ್ಕವೇ ಬೇರೆ.

"ಅಲ್ಲ ಅಕ್ಕಾ, ಇದಕ್ಕ ಕ್ಯಾರಿಯರ್ ಎಲ್ಲೈತಿ? ಒಂದ ಮರಿ ಕಟಗೊಂಡ ಹೋಗಬೇಕಂದ್ರ ಎಲ್ಲಿ ಕಟ್ಟಾಕಿ?"

"ನಾ ಯಾಕಪಾ ಮರಿ ಕಟಗೊಂಡ ಗುಡ್ಡ ಹತ್ತಲಿ?"

"ಆತು ಬಿಡು. ಸ್ಟ್ಯಾಂಡರ ಎಲ್ಲೈತಿ? ನಿಲ್ಲಸೂದ ಹೆಂಗ, ಎಮ್ಮೀ ಹಂಗ ನೆಲದ ಮ್ಯಾಲ ಮಲಗಸ್ತೀಯೇನ?"

ಮನೆಯಲ್ಲಿ ನಿಜವಾದ ಅಡ್ಡಿ ಮಾಯಪ್ಪನದಲ್ಲ, ನಮ್ಮ ಯಜಮಾನರ ಮೋಟಾರ್ ಸೈಕಲ್ಲಿನದು. ಅದರ ಸೈಲೆನ್ಸರ್ ಒಡೆದು, ಎಂಜಿನ್ ಹೊಗೆ ಕಾರುತ್ತ, ಓಣಿಗೆ ಬಂದರೆ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ನಾವಿಬ್ಬರೂ ಕೂಡಿಸಿಟ್ಟ ಹನ್ನೆರಡು ಸಾವಿರ ಒಂದೋ ಆ ಎಂಜಿನ್ನಿಗೆ, ಇಲ್ಲವೇ ನನ್ನ ಸೈಕಲ್ಲಿಗೆ. ಬಹಳ ಚರ್ಚೆಯ ನಂತರ ಒಪ್ಪಂದವಾಯಿತು: ಒಂದು ದಿನ ಕೊಲ್ಹಾಪುರಕ್ಕೆ ಹೋಗುವುದು, ಹನ್ನೆರಡು ಸಾವಿರದೊಳಗೆ ಮನಸ್ಸಿಗೆ ಬಂದದ್ದು ಸಿಕ್ಕರೆ ನನ್ನ ಪುಣ್ಯ. ಸಿಗದಿದ್ದರೆ ದುಡ್ಡು ಎಂಜಿನ್ನಿಗೆ, ಮತ್ತು ಸೈಕಲ್ಲಿನ ಸುದ್ದಿ ಮತ್ತೆ ಎತ್ತುವ ಹಾಗಿಲ್ಲ. ನಾನು ಹ್ಞೂಂ ಅಂದೆ.

ಇಲ್ಲಿ ನಮ್ಮ ಸಂಸಾರದ ಒಂದು ವಿಚಿತ್ರ ಹೇಳಲೇಬೇಕು. ನಾವಿಬ್ಬರೂ ಒಂದೇ ಪವರ್‌ಲೂಮ್ ಮಗ್ಗದ ಶೆಡ್ಡಿನ ಕೆಲಸಗಾರರು. ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್ ಅವರು, ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುವವಳು ನಾನು. ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವೆಂದರೆ ಕಿವಿಯ ಪಕ್ಕ ಡೊಳ್ಳು ಬಾರಿಸಿದರೂ ಕೇಳುವುದಿಲ್ಲ. ಹಾಗಾಗಿ ಶೆಡ್ಡಿನಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಎರಡು ಬೆರಳು ಕೂಡಿಸಿ ಪಟ್ಟನೆ ಬಿಡಿಸಿದರೆ ಎಳೆ ಹರಿದಿದೆ ಅಂತ. ಬಾಯಿಂದ ಉದ್ದನೆಯ ದಾರ ಎಳೆದಂತೆ ಮಾಡಿದರೆ ಎದುರಿನವನು ಸುಳ್ಳು ಬಿಡುತ್ತಿದ್ದಾನೆ ಅಂತ. ಮೀಸೆ ತಿರುವಿದರೆ ಮಾಲೀಕ ಬಂದ, ಹುಷಾರು! ನಮ್ಮ ಈಗಿನ ಮಾಲೀಕನಿಗೆ ಮೀಸೆಯೇ ಇಲ್ಲ, ಆದರೂ ಮೀಸೆಯನ್ನೇ ತಿರುವುತ್ತೇವೆ. ನಮ್ಮ ಪ್ರೀತಿ ಹುಟ್ಟಿದ್ದೂ ಈ ಭಾಷೆಯಲ್ಲೇ, ಜಗಳ ಬೆಳೆದದ್ದೂ ಇದರಲ್ಲೇ. ಮಾತಿನ ಜಗಳದಲ್ಲಿ ಅವರದು ಒಂದು ಕೈ ಮೇಲಿರಬಹುದು, ಕೈಯ ಜಗಳದಲ್ಲಿ ನನ್ನನ್ನು ಮೀರಿಸಿದವರು ಶೆಡ್ಡಿನಲ್ಲೇ ಇಲ್ಲ. ಅವರು ಒಂದು ಬೆರಳು ಎತ್ತುವಷ್ಟರಲ್ಲಿ ನಾನು ಹತ್ತರಲ್ಲೂ ಉತ್ತರ ಕೊಟ್ಟಿರುತ್ತೇನೆ.

ಒಮ್ಮೆ ಹುಪರಿಯಲ್ಲಿ ಸಂಬಂಧಿಕರ ಮದುವೆ. ಗಂಡಿನ ಕಡೆ ಅವರು, ಹೆಣ್ಣಿನ ಕಡೆ ನಾನು, ನಡುವೆ ಇಡೀ ಮಂಟಪ. ಆಹೇರಿನ ಉಡುಗೊರೆಯಾಗಿ ಕೊಡಬೇಕಾದ ಬೆಳ್ಳಿಯ ಲೋಟವನ್ನು ಮನೆಯಲ್ಲೇ ಬಿಟ್ಟು ಬಂದವರು ಯಾರೆಂದು ಅಷ್ಟು ದೂರದಿಂದಲೇ ಜಗಳ ಶುರುವಾಯಿತು. ಅತ್ತ ಮಂಗಲಾಷ್ಟಕ ನಡೆದಿದೆ, ಇತ್ತ ನಮ್ಮ ನಾಲ್ಕು ಕೈಗಳು ಗಾಳಿಯಲ್ಲಿ. ಮುಂದೆ ಆ ಮದುವೆಯ ವಿಡಿಯೋ ನೋಡಿದವರೆಲ್ಲ, ಇವರಿಬ್ಬರೂ ಎಷ್ಟು ಉತ್ಸಾಹದಿಂದ ಅಕ್ಷತೆ ಹಾಕಿದ್ದಾರೆ ನೋಡಿ ಎಂದು ಹೊಗಳಿದರು.

ಸೈಕಲ್ ಚೌಕಾಶಿಗೂ ಇದೇ ಅಸ್ತ್ರ ಎಂದು ನಿಶ್ಚಯಿಸಿದೆವು. ಬಾಯಲ್ಲಿ ಮಾತಾಡುವವರು ಅವರು, ಅಂಗಡಿಯವನ ಬೆನ್ನ ಹಿಂದೆ ನಿಂತು ಕೈಯಲ್ಲಿ ಹೇಳಿಕೊಡುವವಳು ನಾನು. ಕೊಲ್ಹಾಪುರದ ಪೇಟೆಯಲ್ಲಿ ನಮ್ಮ ಶೆಡ್ಡಿನ ಭಾಷೆ ಯಾರಿಗೆ ತಿಳಿಯಬೇಕು! ಪಂಜಾಬಿ ಡ್ರೆಸ್ ತೊಟ್ಟು, ಹೊಗೆ ಕಾರುವ ಗಾಡಿಯ ಹಿಂದೆ ಕೂತು, ದಾರಿಯುದ್ದಕ್ಕೂ ನಮ್ಮ ಜಾಣತನಕ್ಕೆ ನಾನೇ ನಗುತ್ತ ಹೋದೆ.

ಅಂಗಡಿಯವರು ಐವತ್ತು ದಾಟಿದ, ಮೀಸೆ ಬೋಳಿಸಿದ, ಗಂಭೀರ ಮುಖದ ಮನುಷ್ಯ. "ಯಾ ವಹಿನಿ, ಬಸಾ" ಎಂದು ಮರಾಠಿಯಲ್ಲಿ ಅತ್ತಿಗೆಯೆಂದು ಕರೆದು ಸ್ಟೂಲು ಕೊಟ್ಟರು. ಮೊದಲು ಒಂದು ಹಳದಿ ಸೈಕಲ್ ತೋರಿಸಿದರು. ಹಿಂದೂ ಮುಂದೂ ಶಾಕ್ ಅಬ್ಸಾರ್ಬರ್. ನಮ್ಮ ಯಜಮಾನರು ಕಣ್ಣರಳಿಸಿದರು. ನಾನು ಹತ್ತಿ ತುಳಿದೆ, ಮಂಚದ ಸ್ಪ್ರಿಂಗಿನ ಹಾಗೆ ಕುಪ್ಪಳಿಸಿತು. ತುಳಿದ ಶಕ್ತಿಯೆಲ್ಲ ಮೇಲೆ ಕೆಳಗೆ ಹೋಗುವುದರಲ್ಲೇ ಮುಗಿದು, ಮುಂದೆ ಹೋಗಲು ಏನೂ ಉಳಿಯಲಿಲ್ಲ. ಎತ್ತಿ ನೋಡಿದರೆ ತುಂಬಿದ ಗ್ಯಾಸ್ ಸಿಲಿಂಡರಿನ ಭಾರ. ಎರಡನೆಯದರ ಟೈರುಗಳು ಟ್ರ್ಯಾಕ್ಟರಿನ ಮಕ್ಕಳಂತಿದ್ದವು, ಗೇರೇ ಇರಲಿಲ್ಲ. ಮೂರನೆಯದು ಹಸಿರು. ಮುಂದಷ್ಟೇ ಶಾಕ್, ಹಗುರಾದ ಫ್ರೇಮು, ಎರಡೂ ಕಡೆ ಡಿಸ್ಕ್ ಬ್ರೇಕು, ಇಪ್ಪತ್ತೊಂದು ಗೇರು. ಸೀಟಿನಿಂದ ಮುಂದಕ್ಕಿಳಿದು ಫ್ರೇಮಿನ ಆಚೀಚೆ ಕಾಲಿಟ್ಟು ನಿಂತರೆ ಎರಡೂ ಪಾದ ನೆಲಕ್ಕೆ ಸರಿಯಾಗಿ ಊರುತ್ತಿದ್ದವು. ಅದನ್ನು ಅಂಗಡಿಯ ಪಕ್ಕದ ಓಣಿಯಲ್ಲಿ ಹೊಡೆದೆ ನೋಡಿ! ಗೇರ್ ಟಿಕ್ ಎಂದು ಬಿತ್ತು, ಕಾಲ ಕೆಳಗಿನ ಭಾರ ಯಾರೋ ಎತ್ತಿಕೊಂಡಂತಾಯಿತು. ತರಕಾರಿ ಗಾಡಿ ಸುತ್ತಿ, ಹಸುವಿಗೆ ದಾರಿ ಬಿಟ್ಟು, ಓಣಿಯ ತುದಿಯ ಏರು ಹತ್ತಿ ಇಳಿಯುವಾಗ ನನಗರಿವಿಲ್ಲದೆ ಗಟ್ಟಿಯಾಗಿ ಕೇಕೆ ಹಾಕಿ ನಕ್ಕೆ. ಒಬ್ಬಾತ ಬಾಲ್ಕನಿಯಿಂದ ಬಗ್ಗಿ ನೋಡಿದ. ನೋಡಲಿ! ನನ್ನ ಮೈಯಲ್ಲಿ ಹನ್ನೆರಡು ವರ್ಷದ ಹುಡುಗಿ ಹೊಕ್ಕಿದ್ದಳು.

ಬೆಲೆ ಕೇಳಿದರೆ ಹದಿನಾಲ್ಕು ಸಾವಿರ. ನನ್ನ ಮುಖ ಬಾಡಿತು. ಅಂಗಡಿಯವರು ಕುಕ್ಕರಗಾಲಿನಲ್ಲಿ ಕೂತು ಹಸಿರು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವರ ಬೆನ್ನ ಹಿಂದೆ ಆ ಕಡೆ ಸ್ಟೂಲಿನ ಮೇಲೆ ನಾನು, ಈ ಕಡೆ ನಮ್ಮವರು. ಅವರೆದುರಿನ ಗೋಡೆಯಲ್ಲಿ ಒಂದು ದೊಡ್ಡ ಕನ್ನಡಿ ಇತ್ತು, ಹೆಲ್ಮೆಟ್ ಹಾಕಿಕೊಂಡು ನೋಡಿಕೊಳ್ಳಲು. ಅದರ ಕಡೆ ನನ್ನ ಗಮನವೇ ಇರಲಿಲ್ಲ. ನಮ್ಮವರು ಹನ್ನೊಂದು ಅಂದರು. ಅಂಗಡಿಯವರು ತಲೆಯೆತ್ತದೆ ಹದಿಮೂರೂವರೆಗೆ ಇಳಿದರು. ನಮ್ಮವರು ಹನ್ನೆರಡು, ಕೊನೆಯ ಮಾತು ಅಂದರು. ಅಂಗಡಿಯವರು ಪಂಪು ಒತ್ತುತ್ತಲೇ ಇದ್ದರು.

ನಮ್ಮವರ ಕೈ ನನ್ನತ್ತ ಅಂದಿತು: ಏಳು, ಹೋಗೋಣ. ನಾನು ಕೈಯಲ್ಲೇ ಚೀರಿದೆ: ಬೇಡ! ಹದಿಮೂರಕ್ಕೆ ಹೋಗಿ, ನನ್ನ ಚೀಲದ ತಳದಲ್ಲಿ ಇನ್ನೊಂದು ಸಾವಿರ ಇದೆ.

ಎಲ್ಲಿಂದ ಬಂತು?

ಹೆಂಗಸರ ಭಿಶಿಯದು, ತಿಂಗಳ ಚೀಟಿಯಲ್ಲಿ ನನ್ನ ಪಾಳಿ ಬಂದಾಗಿನದು.

ಆ ದುಡ್ಡು ಖರ್ಚಾಯಿತು ಅಂದಿದ್ದೆಯಲ್ಲ? ಎಂದು ಅವರು ಬಾಯಿಂದ ಮಾರುದ್ದ ದಾರ ಎಳೆದರು. ನಾನು ಎಡಗೈಯಲ್ಲಿ ಅವರ ಗುಟಕಾದ ಖರ್ಚು ತೆಗೆದೆ, ಬಲಗೈಯಲ್ಲಿ ಅವರ ತಂಗಿಯ ಮದುವೆ ತೆಗೆದೆ. ಕೊನೆಗೆ ಎರಡೂ ಕೈ ಎದೆಗೆ ಬಡಿದುಕೊಂಡು, ಹಸಿರು ಸೈಕಲ್ ಸಿಗದಿದ್ದರೆ ಈ ಅಂಗಡಿ ಬಿಟ್ಟು ನಾನು ಏಳುವುದಿಲ್ಲ, ಏನು ಬೇಕಾದರೂ ಕೊಟ್ಟು ಕೊಂಡುಬಿಡಿ ಎಂದು ಸಾರಿದೆ.

ಅಂಗಡಿಯವರು ಪಂಪು ಕೆಳಗಿಟ್ಟರು. ಮೆಲ್ಲಗೆ ಎದ್ದು, ನಮ್ಮಿಬ್ಬರ ನಡುವೆ ನಿಂತು, ತಮ್ಮ ಇಲ್ಲದ ಮೀಸೆಯನ್ನು ಎರಡೂ ಕಡೆ ತಿರುವಿದರು. ಮಾಲೀಕ ಬಂದ, ಹುಷಾರು!

ನನ್ನ ಕೈಗಳು ಗಾಳಿಯಲ್ಲೇ ನಿಂತವು. ಅವರು ಶುದ್ಧ ನಮ್ಮ ಕನ್ನಡದಲ್ಲಿ, "ವೈನಿ, ನಾನೂ ಇಚಲಕರಂಜ್ಯಾಗ ಮಗ್ಗ ನಡಿಸಿ ಬಂದಾಂವ ಅದೀನ್ರಿ. ಮದಲ ಹೇಳಬೇಕಂತ ಮಾಡಿದ್ದೆ. ಆದ್ರ ಈ ಗ್ವಾಡಿ ಕನ್ನಡ್ಯಾಗ ನಿಮ್ಮ ಜಗಳ ಭಾಳ ಚಂದ ಕಾಣಾಕತ್ತಿತ್ತು, ಬಾಯಿ ತೆರೀಲಿಕ್ಕೆ ಮನಸ ಬರಲಿಲ್ಲ" ಅಂದರು.

"ಹಂಗಾರ ರೇಟ್ ಏನ್ರಿ?" ಎಂದರು ನಮ್ಮವರು, ಸೋತ ದನಿಯಲ್ಲಿ.

"ನನ್ನ ಯಾಕ ಕೇಳ್ತೀರಿ? ವೈನಿ ಹೇಳ್ಯಾರಲ್ಲ, ಹದಿಮೂರು. ಏನ ಬೇಕಾದ್ರೂ ಕೊಟ್ಟು ಅಂತನೂ ಹೇಳ್ಯಾರ, ಅದನ್ನ ನಾ ನೋಡಿಲ್ಲ ಅನಕೋತೇನಿ. ಮ್ಯಾಲ ಒಂದ ಸ್ಟ್ಯಾಂಡ್ ಫ್ರೀ."

ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಮ್ಮವರ ನಗು ಮಾತ್ರ ಚೀಲದ ತಳದಿಂದ ಆ ಸಾವಿರ ಹೊರಬರುವಾಗ ನಡುವೆಯೇ ನಿಂತಿತು. ಹಸಿರು ಸೈಕಲ್ ನನ್ನದಾಯಿತು! ಟೆಂಪೋಕ್ಕೆ ಕೊಡಲು ದುಡ್ಡು ಉಳಿದಿರಲಿಲ್ಲ. ಉಳಿದಿದ್ದರೂ ನಾನು ಕೊಡುತ್ತಿರಲಿಲ್ಲ. ಹೊಡೆದುಕೊಂಡೇ ಬರುತ್ತೇನೆ ಅಂದೆ. ನಾನು ರಸ್ತೆಯ ಅಂಚಿಗೆ ಸೈಕಲ್ಲಿನಲ್ಲಿ, ಅವರು ಪಕ್ಕದಲ್ಲಿ ಮೋಟಾರ್ ಸೈಕಲ್ಲಿನಲ್ಲಿ, ಹುಪರಿಯ ದಾರಿ ಹಿಡಿದು ಹೊರಟೆವು.

ಅವರ ಗಾಡಿಯ ಸದ್ದಿನಲ್ಲಿ ಬಾಯಿಮಾತು ಕೇಳುವ ಹಾಗೇ ಇರಲಿಲ್ಲ. ಅವರ ಬಲಗೈ ಎಕ್ಸಲರೇಟರಿನ ಮೇಲೆ, ಎಡಗೈ ಖಾಲಿ. ನನ್ನ ಎರಡೂ ಕೈ ಹ್ಯಾಂಡಲ್ಲಿಗೆ ಅಂಟಿವೆ. ಊರು ದಾಟುತ್ತಲೇ ಎಡಗೈ ಶುರುವಾಯಿತು. ಗೇರ್ ಬದಲಿಸು. ಬೆನ್ನು ನೆಟ್ಟಗಿಡು. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಭಿಶಿಯ ದುಡ್ಡಿನ ವಿಚಾರಣೆ ಮನೆಗೆ ಹೋದ ಮೇಲೆ. ಗುಟಕಾ ಬಿಟ್ಟು ವರ್ಷವಾಯಿತು, ಅದನ್ನು ಯಾಕೆ ತೆಗೆದೆ? ಒಂದೊಂದಕ್ಕೂ ನನ್ನ ಬೆರಳುಗಳಲ್ಲಿ ಜಬರ್ದಸ್ತು ಉತ್ತರ ತಯಾರಾಗಿತ್ತು. ಒಂದು ಸಲ ತಡೆಯಲಾರದೆ ಬಲಗೈ ಎತ್ತಿದೆ, ಸೈಕಲ್ ಸೀದಾ ಕಬ್ಬಿನ ಹೊಲದ ಕಡೆ ಮುಖ ಮಾಡಿತು. ಮತ್ತೆ ಗಟ್ಟಿಯಾಗಿ ಹಿಡಿದೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಆ ಮನುಷ್ಯ ನನ್ನ ಮುಂದೆ ಪೂರ್ತಿ ಮಾತಾಡುತ್ತಿದ್ದರು. ನಾನು ಹಲ್ಲು ಕಚ್ಚಿ ತುಳಿಯುತ್ತಿದ್ದೆ.

ಹುಪರಿ ದಾಟುವಷ್ಟರಲ್ಲಿ ಅವರ ಬೈಗುಳ ಮುಗಿದವು. ಮುಂದೊಂದು ಏರು ಬಂತು. ಇಳಿಯುತ್ತಾಳೆ ಎಂದು ಅವರು ಗಾಡಿ ನಿಧಾನ ಮಾಡಿದರು. ನಾನು ಇಳಿಯಲಿಲ್ಲ. ಗೇರ್ ಸಣ್ಣದು ಮಾಡಿ, ಮಂಡಿಯನ್ನು ಬೇಡಿಕೊಂಡು, ಬೆವರಿಳಿಸಿ ಹತ್ತಿಬಿಟ್ಟೆ. ತುದಿಯಲ್ಲಿ ಪಕ್ಕಕ್ಕೆ ನೋಡಿದರೆ ಅವರ ಎಡಗೈ ಮತ್ತೆ ಎದ್ದಿತ್ತು. ಅಂಗೈಯನ್ನು ಮೇಲಿನಿಂದ ಕೆಳಗೆ ಮೆಲ್ಲಗೆ ಸವರಿದಂತೆ ತಂದು, ಕೊನೆಗೆ ಎರಡು ಬೆರಳು ಕೂಡಿಸಿ ನಿಲ್ಲಿಸಿದರು. ನಮ್ಮ ಶೆಡ್ಡಿನಲ್ಲಿ ನೇಯ್ದ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ತಪಾಸಣೆ ಮಾಡುವವನು, ಒಂದು ಎಳೆಯೂ ತಪ್ಪಿಲ್ಲದ ಬಟ್ಟೆಯ ಸುರುಳಿ ಸಿಕ್ಕಾಗ ಹೀಗೆ ತೋರಿಸುತ್ತಾನೆ. ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ಅವರು ಬಟ್ಟೆಗೆ ತೋರಿಸಲಿಲ್ಲ. ನನ್ನ ಕಡೆ ನೋಡಿ ತೋರಿಸಿದರು.

ಕಣ್ಣಿಗೆ ನೀರು ಬಂದು ರಸ್ತೆ ಮಸುಕಾಯಿತು. ಕೈ ಖಾಲಿ ಇದ್ದಿದ್ದರೆ ನಾನು ಏನು ಹೇಳುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು. ಮುಂದೆ ನೋಡಿ ಗಾಡಿ ಹೊಡೆಯಿರಿ ಎನ್ನುತ್ತಿದ್ದೆ, ಅಥವಾ ಬಾಯಿಂದ ದಾರ ಎಳೆದು ತೋರಿಸುತ್ತಿದ್ದೆ. ಇಷ್ಟು ವರ್ಷ ಈ ಮನುಷ್ಯನಿಗೆ ಹೇಳಲು ಬೇರೇನೂ ಇಲ್ಲವೆಂದು ತಿಳಿದಿದ್ದೆ. ಅವರು ಹೇಳಲು ಹೊರಟಾಗಲೆಲ್ಲ ನನ್ನ ಹತ್ತು ಬೆರಳುಗಳು ಅಡ್ಡ ಬಂದಿರಬೇಕು.

ಮನೆ ಮುಟ್ಟಿ, ಫ್ರೀ ಸ್ಟ್ಯಾಂಡ್ ಹಾಕಿ ಸೈಕಲ್ ನಿಲ್ಲಿಸಿದೆ. ಕೈಗಳೆರಡೂ ಖಾಲಿಯಾದವು. ಆದರೂ ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನೂ ಏನಾದರೂ ಹೇಳುತ್ತಾರೇನೋ ಎಂದು ಹೊಸ ಮದುವಣಗಿತ್ತಿಯ ಹಾಗೆ ಅವರೆದುರು ನಿಂತೆ. ಹೇಳಿದರು. ಹೆಬ್ಬೆರಳನ್ನು ಬಾಯಿಗೆ ಒಯ್ದು ಎರಡು ಸಲ ಅಲುಗಿಸಿ ತೋರಿಸಿದರು. ಚಹಾ ಬೇಕಂತೆ. ಮರುಮಾತಿಲ್ಲದೆ ಒಳಗೆ ಹೋಗಿ ಶುಂಠಿ ಜಜ್ಜಿದೆ.